ಮಂಚ ತುಂಬಿದ ಪ್ರಾಣಿಗಳು

ಡೊಂಬಿವಲಿಯ ಒಂದು ಕನ್ನಡ ಮನೆಗೆ ಕಳೆದ ವರ್ಷ ಮಳೆಗಾಲ ಹಿಡಿಯುವ ಮುನ್ನ ಧಾರವಾಡದಿಂದ ಅಜ್ಜಿ ಬಂದಿಳಿದರು. ಮನೆಯೆಂದರೆ ಒಂದು ಹಾಲ್, ಒಂದು ಮಲಗುವ ಕೋಣೆ, ಅಡಿಗೆಮನೆ, ಒಬ್ಬರು ಮಾತ್ರ ನಿಂತು ಬಟ್ಟೆ ಒಣಹಾಕಬಹುದಾದ ಗ್ಯಾಲರಿ. ಅಜ್ಜಿ ಏಳು ವರ್ಷದ ಮೊಮ್ಮಗಳ ಮಂಚದಲ್ಲಿ ಮಲಗತಕ್ಕದ್ದೆಂದು ಮೊದಲೇ ನಿಶ್ಚಯವಾಗಿತ್ತು. ಆದರೆ ರಾತ್ರಿ ಊಟ ಮುಗಿಸಿ ಬಂದು ನೋಡುವಾಗ ಆ ಮಂಚದಲ್ಲಿ ಎಡೆಯೇ ಇರಲಿಲ್ಲ. ಗೋಡೆಯುದ್ದಕ್ಕೂ ಕರಡಿಗಳು, ದಿಂಬಿನ ಮೇಲೆ ಮೊಲಗಳು, ಕಾಲ್ದೆಸೆಯಲ್ಲಿ ಒಂದು ದೊಡ್ಡ ಆನೆ, ಅದರ ಬೆನ್ನಿಗೊರಗಿ ಹುಲಿ, ಜಿರಾಫೆ, ಪೆಂಗ್ವಿನ್, ಯಾವ ಜಾತಿಯದೆಂದು ಹೇಳಲಾಗದ ಗುಲಾಬಿ ಬಣ್ಣದ ಇನ್ನೂ ಕೆಲವು ಜೀವಿಗಳು. ಎಣಿಸಿದಾಗ 43 ಆದವು. ಅವುಗಳ ನಡುವೆ ಉಳಿದ ಅಂಗೈಯಗಲದ ಜಾಗದಲ್ಲಿ ಹುಡುಗಿ ಮುದುಡಿ ಮಲಗಿದ್ದಳು. ಅಜ್ಜಿ ಆ ರಾತ್ರಿ ನೆಲದ ಮೇಲೆ ಚಾಪೆ ಹಾಸಿಕೊಂಡರು.

ಮುಂದಿನ ವಾರ, ಮಗು ಶಾಲೆಗೆ ಹೋಗಿದ್ದ ಸಮಯ ನೋಡಿ, ತಾಯಿ 15 ಪ್ರಾಣಿಗಳನ್ನು ಒಂದು ಚೀಲಕ್ಕೆ ತುಂಬಿ ಭಂಗಾರ್‌ವಾಲಾನಿಗೆ ಕೊಟ್ಟುಬಿಟ್ಟರು. ಇವು ತೂಕಕ್ಕೂ ಬಾರವು, ದರಕ್ಕೂ ಬಾರವು ಎಂದು ಗೊಣಗುತ್ತಲೇ ಅವನು ಒಯ್ದ. ಸಂಜೆ ಬಂದ ಹುಡುಗಿ ಆ ಹದಿನೈದರಲ್ಲಿ ಹದಿನಾಲ್ಕರ ಗೊಡವೆಗೇ ಹೋಗಲಿಲ್ಲ. ಒಂದೇ ಕಿವಿಯ, ಬಣ್ಣಗೆಟ್ಟ ಬೂದು ಮೊಲವೊಂದನ್ನು ಮಾತ್ರ ಮಂಚದ ಕೆಳಗೆ, ಕಪಾಟಿನ ಹಿಂದೆ, ಒಗೆಯುವ ಬಟ್ಟೆಗಳ ಬುಟ್ಟಿಯಲ್ಲಿ ಹುಡುಕಿದಳು. ಸಿಗದಿದ್ದಾಗ ಅಳಲೂ ಇಲ್ಲ. ಆದರೆ ಮರುದಿನದಿಂದ ಉಳಿದ ಪ್ರಾಣಿಗಳಲ್ಲಿ ನಾಲ್ಕನ್ನು ಶಾಲೆಯ ಚೀಲದಲ್ಲಿ ತುಂಬಿಕೊಂಡು ಹೋಗತೊಡಗಿದಳು. ಬಿಟ್ಟುಹೋದ ವಸ್ತು ಮರಳಿ ಬರುವಾಗ ಮನೆಯಲ್ಲಿ ಇರುತ್ತದೆಂಬ ನಂಬಿಕೆ ಅವಳಲ್ಲಿ ಉಳಿದಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಅಂಗುಲ ಅಂಗುಲಕ್ಕೂ ಬೆಲೆ ತೆತ್ತು ಕೊಂಡ ಜಾಗದಲ್ಲಿ, ಮೆತ್ತನೆಯ ಆಟಿಕೆಗಳು ಹಬ್ಬಿಕೊಳ್ಳುತ್ತಿರುವ ವೇಗವನ್ನು ಕಂಡವರು ಇದನ್ನು ನಗೆಯ ವಿಷಯವೆಂದು ತಳ್ಳಿಹಾಕಲಾರರು. ಒಂದೆಡೆ ತಾಯಿತಂದೆಯರ ಬೇಸರವೂ ವೈದ್ಯರ ಎಚ್ಚರಿಕೆಯೂ ಇವೆ. ಇನ್ನೊಂದೆಡೆ ಮಗುವಿನ ಮನಸ್ಸಿದೆ. ಇವೆರಡರ ನಡುವೆ ಸಾಮಾನ್ಯವಾಗಿ ನಡೆಯುವುದೇನೆಂದರೆ ಹಿರಿಯರು ಗುಟ್ಟಾಗಿ ಎಸೆಯುವುದು, ಕಿರಿಯರು ಗುಟ್ಟಾಗಿ ಕೂಡಿಡುವುದು. ಈ ಕಳ್ಳಾಟ ಸರಿಯಲ್ಲವೆಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಮಾತು.

ಮೊದಲಿಗೆ, ಮಗು ಇಂಥ ಗೊಂಬೆಯನ್ನು ಏಕೆ ಅಪ್ಪಿಕೊಳ್ಳುತ್ತದೆಂಬುದನ್ನು ತಿಳಿಯಬೇಕು. ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಓದಿದ, 1953ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದನ್ನು ವಿವೇಚಿಸಿದನು. ಶಿಶುವಿಗೆ ತಾನು ಬೇರೆ, ತಾಯಿ ಬೇರೆ ಎಂಬ ಅರಿವು ಮೂಡುವ ಕಾಲದಲ್ಲಿ ಒಂದು ಬಟ್ಟೆಯ ತುಂಡೋ ಕಂಬಳಿಯ ಅಂಚೋ ಮೆತ್ತನೆಯ ಗೊಂಬೆಯೋ ತಾಯಿಯ ಸಾನ್ನಿಧ್ಯಕ್ಕೂ ಹೊರಗಿನ ಲೋಕಕ್ಕೂ ನಡುವೆ ಸೇತುವೆಯಾಗಿ ನಿಲ್ಲುತ್ತದೆ. ಅದರ ವಾಸನೆ, ಕೊಳೆ, ಸವೆದ ಮೈ ಇವೆಲ್ಲವೂ ಮಗುವಿಗೆ ಬೇಕಾದುವೇ. ಅದನ್ನು ಬದಲಿಸುವ ಹಕ್ಕು ಮಗುವಿನ ಹೊರತು ಮತ್ತಾರಿಗೂ ಇಲ್ಲ. ಕಾಲ ಬಂದಾಗ ಮಗು ತಾನಾಗಿಯೇ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಇದು ಅವನ ಅಭಿಪ್ರಾಯದ ಸಾರ.

ವಿನಿಕಾಟ್ ಹೇಳದಿದ್ದರೂ ಕನ್ನಡದ ತಾಯಂದಿರಿಗೆ ಈ ಸಂಗತಿ ಹೊಸದೇನಲ್ಲ. ಊರಿನಲ್ಲಿ ಮಗು ಹಿಡಿದು ಮಲಗುತ್ತಿದ್ದುದು ತಾಯಿಯ ಸೆರಗನ್ನು. ಸೆರಗು ಸಿಗದಿದ್ದರೆ ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಮಾಡಿದ ಕೌದಿಯ ಮೂಲೆಯನ್ನು. ಆ ಕೌದಿಯೊಳಗೆ ಅತ್ತೆಯರ, ಚಿಕ್ಕಮ್ಮಂದಿರ ಸೀರೆಗಳೂ ಸೇರಿರುತ್ತಿದ್ದವು. ಮಗು ಒಂದು ಬಳಗವನ್ನೇ ಹೊದ್ದು ಮಲಗುತ್ತಿತ್ತು ಎನ್ನಬಹುದು. ಮಹಾನಗರದಲ್ಲಿ ಸೆರಗು ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುತ್ತದೆ, ಕೌದಿ ಧಾರವಾಡದಲ್ಲಿ ಉಳಿದಿದೆ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಕಾಣುತ್ತಾರೆ. ಏಳನೆಯ ಮಹಡಿಯ ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಬೆಳೆಯುವ ಮಗು ಕರಡಿಯನ್ನು ಅಪ್ಪಿಕೊಂಡರೆ ಅದು ದುರಭ್ಯಾಸವಲ್ಲ, ಬುದ್ಧಿವಂತಿಕೆ.

ಆದರೆ ಒಂದು ಕರಡಿಗೆ ಸಲ್ಲುವ ಈ ಮಾತು ನಲವತ್ತಕ್ಕೆ ಸಲ್ಲುವುದಿಲ್ಲ. ಮಗು ಬಯಸಿದ್ದು ಒಂದನ್ನೋ ಎರಡನ್ನೋ. ಮಿಕ್ಕವನ್ನು ತಂದವರು ಹಿರಿಯರು. ತಂದೆ ಕೆಲಸದ ಮೇಲೆ ಪರವೂರಿಗೆ ಹೋದರೆ ಮರಳುವಾಗ ವಿಮಾನ ನಿಲ್ದಾಣದಲ್ಲಿ ಒಂದು. ತಾಯಿಗೆ ರಾತ್ರಿ ತಡವಾದರೆ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲಿ ಒಂದು. ಹುಟ್ಟುಹಬ್ಬಕ್ಕೆ ಬಂದವರೆಲ್ಲ ತಲೆಗೊಂದು. ಬೇರೆಯವರ ಹುಟ್ಟುಹಬ್ಬಕ್ಕೆ ಹೋದರೆ ಅಲ್ಲಿಂದ ರಿಟರ್ನ್ ಗಿಫ್ಟ್ ಎಂದು ಮತ್ತೊಂದು. ಜೊತೆಗಿರಲಾಗದ ಸಮಯಕ್ಕೆ ಕೊಟ್ಟ ಬಾಡಿಗೆಯಂತೆ ಈ ಪ್ರಾಣಿಗಳು ಮಂಚದ ಮೇಲೆ ಜಮೆಯಾಗುತ್ತವೆ. ಕನ್ನಡ ಸಂಘಗಳೂ ಈ ಆರೋಪದಿಂದ ಪೂರ್ಣವಾಗಿ ಮುಕ್ತವಲ್ಲ. ರಾಜ್ಯೋತ್ಸವದಂದು ಕನ್ನಡ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ವೇದಿಕೆಯ ಮೇಲೆ ಕೊಡುವ ಬಹುಮಾನ ಕನ್ನಡ ಪುಸ್ತಕವಾಗಿರದೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕರಡಿಯಾಗಿರುವುದನ್ನು ಎಷ್ಟು ಸಮಾರಂಭಗಳಲ್ಲಿ ಕಂಡಿಲ್ಲ!

ಕರಡಿಗೆ ಈ ಪಟ್ಟ ಬಂದುದು ಆಕಸ್ಮಿಕವಾಗಿ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಬೇಟೆಗೆ ಹೋಗಿದ್ದಾಗ, ಕಟ್ಟಿಹಾಕಿದ ಕರಡಿಯನ್ನು ಕೊಲ್ಲಲು ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಅದನ್ನು ವ್ಯಂಗ್ಯಚಿತ್ರವಾಗಿ ಬರೆದನು; ಬ್ರೂಕ್ಲಿನ್ನಿನ ಅಂಗಡಿಕಾರ ಮಾರಿಸ್ ಮಿಚ್ಟಮ್ ಮತ್ತು ಅವನ ಹೆಂಡತಿ ಬಟ್ಟೆಯ ಕರಡಿಯನ್ನು ಹೊಲಿದು ಅಧ್ಯಕ್ಷನ ಮುದ್ದುಹೆಸರಿನಿಂದ ಟೆಡ್ಡಿ ಎಂದು ಮಾರಿದರು. ಅದಕ್ಕೂ ಎರಡು ದಶಕ ಮೊದಲೇ, 1880ರ ಸುಮಾರಿಗೆ, ಜರ್ಮನಿಯಲ್ಲಿ ಮಾರ್ಗರೆಟೆ ಸ್ಟೈಫ್ ಎಂಬಾಕೆ, ಎಳವೆಯಲ್ಲೇ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲೇ ಬಾಳಿದ ಹೊಲಿಗೆಯ ಹೆಂಗಸು, ಗುಂಡುಸೂಜಿ ಚುಚ್ಚಿಡಲೆಂದು ಉಣ್ಣೆಬಟ್ಟೆಯ ಪುಟ್ಟ ಆನೆಗಳನ್ನು ಮಾಡಿದ್ದಳು. ಮಕ್ಕಳು ಅವನ್ನು ಎತ್ತಿಕೊಂಡು ಆಡತೊಡಗಿದರು. ಹಿರಿಯರ ಉಪಯೋಗಕ್ಕೆಂದು ಮಾಡಿದ್ದನ್ನು ಮಕ್ಕಳು ತಮ್ಮದಾಗಿಸಿಕೊಂಡ ಈ ಕಥೆ ಟೆಡ್ಡಿಯ ಕಥೆಗಿಂತ ಸೊಗಸಾಗಿದೆ.

ಆರೋಗ್ಯದ ಪ್ರಶ್ನೆಗೆ ಬಂದರೆ, ಇಲ್ಲಿ ಅತಿರೇಕದ ಭಯವೂ ಅತಿರೇಕದ ಅಲಕ್ಷ್ಯವೂ ಎರಡೂ ಕಾಣಸಿಗುತ್ತವೆ. ಮನೆಯ ಧೂಳಿನಲ್ಲಿ ಬರಿಗಣ್ಣಿಗೆ ಕಾಣದ ಒಂದು ಬಗೆಯ ನುಸಿಯಿದೆ. ಜೇಡನ ಬಳಗಕ್ಕೆ ಸೇರಿದ, ಎಂಟು ಕಾಲಿನ ಈ ಜೀವಿಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಮನುಷ್ಯರ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಇದು ಕಚ್ಚುವುದಿಲ್ಲ. ಆದರೆ ಇದರ ಮಲದ ಕಣಗಳು ಉಸಿರಿನೊಡನೆ ಒಳಹೊಕ್ಕಾಗ ಅಲರ್ಜಿಯುಳ್ಳ ಮಕ್ಕಳಿಗೆ ಸೀನು, ಕಣ್ಣುರಿ, ಮೂಗು ಕಟ್ಟುವುದು ಉಂಟಾಗುತ್ತವೆ. ಆಸ್ತಮಾ ಇರುವವರಲ್ಲಿ ಉಬ್ಬಸ ಕೆರಳುತ್ತದೆ. ಧೂಳಿನ ದೋಷಕ್ಕೆ ಈ ನುಸಿಯೇ ಮುಖ್ಯ ಮೂಲವೆಂದು 1960ರ ದಶಕದಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿಕೊಟ್ಟರು. ತೇವವೇ ಇದರ ಜೀವಾಳ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಇದು ಒಣಗಿ ಸಾಯುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ಅದು ಶೇಕಡಾ 80ನ್ನು ಮೀರುವುದು ಸಾಮಾನ್ಯ. ಚೆನ್ನೈಯ ಕಡಲಗಾಳಿಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

ಇಷ್ಟು ಓದಿದ ಕೂಡಲೇ ಗೊಂಬೆಗಳನ್ನೆಲ್ಲ ಕಿಟಕಿಯಿಂದ ಎಸೆಯಹೊರಡುವ ತಾಯಂದಿರು ಒಂದು ಕ್ಷಣ ತಡೆಯಬೇಕು. ಈ ನುಸಿಗೆ ಮೊದಲ ಮನೆ ಹಾಸಿಗೆ ಮತ್ತು ದಿಂಬು. ವರ್ಷಾನುಗಟ್ಟಲೆ ಬಿಸಿಲು ಕಾಣದ ಹತ್ತಿಯ ಗಾದಿಯನ್ನು ಹಾಗೆಯೇ ಇಟ್ಟುಕೊಂಡು ಕರಡಿಯೊಂದನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆಟಿಕೆಗಳನ್ನು ತೆಗೆದ ಮಾತ್ರಕ್ಕೆ ಆಸ್ತಮಾ ಗುಣವಾಗುವುದೂ ಇಲ್ಲ; ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ಬಿಟ್ಟು ಗೊಂಬೆಗಳ ಮೇಲೆ ಯುದ್ಧ ಸಾರುವುದು ತೀರ ಅವಿವೇಕ. ಅಲರ್ಜಿಯುಳ್ಳ ಮಗುವಿನ ಹಾಸಿಗೆಯಲ್ಲಿ ಒಂದು ಅಥವಾ ಎರಡು ಪ್ರಾಣಿ ಇರಲಿ, ಅವು ನೀರು ತಾಳುವಂಥವಾಗಿರಲಿ, ವಾರಕ್ಕೊಮ್ಮೆ ಒಗೆಯಲ್ಪಡಲಿ.

ಒಗೆಯುವುದರಲ್ಲಿಯೂ ಕ್ರಮವಿದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನುಸಿ ಉಳಿಯಲಾರದು. ತಣ್ಣೀರು ಕೊಳೆಯನ್ನೂ ದೋಷದ ಕಣಗಳನ್ನೂ ಬಹುಮಟ್ಟಿಗೆ ಕಳೆಯುವುದಾದರೂ ನುಸಿಯನ್ನು ಕೊಲ್ಲುವುದಿಲ್ಲ. ಅಷ್ಟು ಬಿಸಿ ತಾಳದ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯಷ್ಟು ತಣ್ಣಗಿರುವ ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ನುಸಿ ಸಾಯುತ್ತದೆ. ಆದರೆ ಸತ್ತ ನುಸಿಯೂ ಅದರ ಮಲವೂ ಒಳಗೇ ಇರುವುದರಿಂದ ಬಳಿಕ ಒಗೆದೇ ತೀರಬೇಕು. ಇನ್ನು ಒಣಗಿಸುವುದು: ಇದರಲ್ಲಿಯೇ ಹೆಚ್ಚಿನ ಮನೆಗಳು ಎಡವುವುದು. ಒಳಗಿನ ಪಾಲಿಯೆಸ್ಟರ್ ತುಂಬು ಹೊರಗಿನ ಬಟ್ಟೆ ಒಣಗಿದ ಮೇಲೂ ಬಹುಕಾಲ ಹಸಿಯಾಗಿರುತ್ತದೆ. ಜುಲೈ ತಿಂಗಳಲ್ಲಿ ಉತ್ಸಾಹದಿಂದ ಒಗೆದು, ಅರೆ ಒಣಗಿದ್ದನ್ನು ಮಂಚಕ್ಕೆ ಮರಳಿಸಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ರೋಗಕ್ಕೆ ಔಷಧಿ ಹುಡುಕಹೋಗಿ ಇನ್ನೊಂದು ರೋಗವನ್ನು ತಂದುಕೊಂಡಂತೆ. ಮಳೆಗಾಲದಲ್ಲಿ ನೆಚ್ಚಿನ ಒಂದೆರಡನ್ನು ಫ್ಯಾನಿನ ಕೆಳಗೆ ಕಾದು ಒಣಗಿಸಿದರೆ ಸಾಕು. ಉಳಿದವುಗಳಿಗೆ ಅಕ್ಟೋಬರ್ ಬಿಸಿಲೇ ಗತಿ.

ಒಂದು ವರ್ಷ ತುಂಬದ ಕೂಸಿನ ಹಾಸಿಗೆಯಲ್ಲಿ ಯಾವ ಮೆತ್ತನೆಯ ಗೊಂಬೆಯೂ ಇರಕೂಡದು. ಮುಖಕ್ಕೆ ಅಡ್ಡವಾದರೆ ಸರಿಸುವ ಶಕ್ತಿ ಅದಕ್ಕಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಗುಂಡಿಯ ಕಣ್ಣು, ಅಂಟಿಸಿದ ಮೂಗು ಅಪಾಯಕರ. ಹೊಟ್ಟೆ ಒತ್ತಿದರೆ ಹಾಡುವ ಪ್ರಾಣಿಗಳೊಳಗೆ ಕೆಲವೊಮ್ಮೆ ಗುಂಡಿಯಾಕಾರದ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳ ಸುಟ್ಟುಹೋಗಬಹುದಾದುದರಿಂದ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಭಾರತದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಫುಟ್‌ಪಾತಿನ ರಾಶಿಯಲ್ಲಿ ಅದನ್ನು ಹುಡುಕಿ ನೋಡುವವರು ಕಡಿಮೆ.

ಇಷ್ಟಾದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಇದೆ: 43ನ್ನು ಏನು ಮಾಡುವುದು? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಹಳೆಯ ಆಟಿಕೆಗಳಿಗೆಲ್ಲ ಒಂದು ಅಂತ್ಯವಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳು, ಆಷಾಢದ ಮಂಗಳವಾರಗಳ ಗುಳ್ಳವ್ವ, ಇವೆಲ್ಲ ಪೂಜೆಗೊಂಡು, ಆಟಕ್ಕೊದಗಿ, ಮರಳಿ ಮಣ್ಣಿಗೇ ಸೇರುತ್ತಿದ್ದವು. ಕರಾವಳಿಯ ಮಕ್ಕಳ ತೆಂಗಿನ ಗರಿಯ ಹಾವು ಎರಡು ದಿನಕ್ಕೆ ಬಾಡುತ್ತಿತ್ತು. ಅಡಿಕೆ ಹಾಳೆಯ ಗಾಡಿ ಅಂಗಳದಲ್ಲಿ ನಾಲ್ಕು ಸುತ್ತು ಎಳೆದರೆ ಹರಿಯುತ್ತಿತ್ತು. ಕಳೆದುಕೊಳ್ಳುವುದನ್ನೂ ಮತ್ತೆ ಮಾಡಿಕೊಳ್ಳುವುದನ್ನೂ ಮಗು ಆಟದಲ್ಲೇ ಕಲಿಯುತ್ತಿತ್ತು. ಪಾಲಿಯೆಸ್ಟರ್ ಕರಡಿಗೆ ಸಾವಿಲ್ಲ. ಅದು ಬಾಡದು, ಹರಿದರೂ ಕೊಳೆಯದು. ಕಸದ ರಾಶಿಗೆ ಹೋದರೆ ಅಲ್ಲಿಯೂ ಕೊಂಡವರ ಮೊಮ್ಮಕ್ಕಳ ಕಾಲದವರೆಗೆ ಇರುತ್ತದೆ.

ಅಂತ್ಯವಿಲ್ಲದ ಗೊಂಬೆಗಳಿಗೆ ಮೈಸೂರಿನ ಕಡೆಯವರು ಬೇರೊಂದು ಉಪಾಯ ಕಂಡುಕೊಂಡಿದ್ದರು. ನವರಾತ್ರಿಯ ಬೊಂಬೆಗಳು ವರ್ಷವಿಡೀ ಪೆಟ್ಟಿಗೆಯಲ್ಲಿ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿರುತ್ತವೆ. ಪಾಡ್ಯದಂದು ಪಟ್ಟದ ಗೊಂಬೆಗಳು ಮೊದಲಾಗಿ ಒಂದೊಂದೇ ಹೊರಬಂದಾಗ ಮನೆಯ ಮಕ್ಕಳು ಅವನ್ನು ಹೊಸದಾಗಿ ಕಂಡಂತೆ ಕಣ್ಣರಳಿಸುತ್ತಾರೆ. ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸಿ, ಮರುದಿನ ಪೆಟ್ಟಿಗೆಗೆ ಸೇರಿಸುವಾಗ ಯಾವ ಮಗುವೂ ರಂಪ ಮಾಡುವುದಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತವೆಂಬುದು ಗೊತ್ತಿರುತ್ತದೆ. ಎಲ್ಲವೂ ಎಲ್ಲ ಕಾಲಕ್ಕೂ ಕಣ್ಣೆದುರಿಗಿರಬೇಕಾಗಿಲ್ಲ ಎಂಬ ಈ ತಿಳಿವಳಿಕೆಗೆ ಈಚಿನ ಒಂದು ಪ್ರಯೋಗವೂ ಹತ್ತಿರ ಬರುತ್ತದೆ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದಲ್ಲಿ 36 ಎಳೆಯ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಡನೆ, ಇನ್ನೊಮ್ಮೆ 16 ಆಟಿಕೆಗಳೊಡನೆ ಆಡಬಿಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು ತೊಡಗಿ, ಹೆಚ್ಚು ಬಗೆಗಳಲ್ಲಿ ಆಡಿದರು. ಮಕ್ಕಳ ಸಂಖ್ಯೆ ಸಣ್ಣದು, ಅವರ ವಯಸ್ಸೂ ಸಣ್ಣದು. ಇದನ್ನೇ ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಪೆಟ್ಟಿಗೆಯ ಪರವಾಗಿ ಒಂದು ಸಾಕ್ಷಿಯೆಂದುಕೊಂಡರೆ ಸಾಕು.

ಆದುದರಿಂದ ಯಾವುದು ಎಂದೆಂದಿಗೂ ಹೋಗಬಾರದು ಎಂಬುದನ್ನು ಮೊದಲು ಮಗುವನ್ನೇ ಕೇಳತಕ್ಕದ್ದು. ಅದು ಎಷ್ಟೇ ಕೊಳಕಾಗಿದ್ದರೂ, ಕಿವಿ ಕಿತ್ತಿದ್ದರೂ, ಆ ಮಾತಿಗೆ ತಪ್ಪಬಾರದು. ಉಳಿದವುಗಳಲ್ಲಿ ಒಂದು ಹಲಗೆಯ ಮೇಲೆ ಹಿಡಿಯುವಷ್ಟು ಹೊರಗಿರಲಿ, ಮಿಕ್ಕವು ಮಾಳಾದ ಮೇಲಿನ ಪೆಟ್ಟಿಗೆಗೆ ಹೋಗಲಿ. ಎರಡು ಮೂರು ತಿಂಗಳಿಗೊಮ್ಮೆ ಅದಲುಬದಲಾಗಲಿ. ವರ್ಷ ಕಳೆದರೂ ನೆನಪಿಗೆ ಬಾರದವನ್ನು ಮಗುವಿನ ಎದುರಿಗೇ, ಮಗುವಿನ ಕೈಯಿಂದಲೇ ಬೇರ್ಪಡಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಗುಟ್ಟಾಗಿ ಎಸೆದಷ್ಟು ಸುಲಭವಲ್ಲ. ಅಡಿಗೆಮನೆಯ ಕಪಾಟಿನಲ್ಲಿ ಶ್ರೀಖಂಡದ ಖಾಲಿ ಡಬ್ಬಿಗಳನ್ನು ಗೋಪುರದಂತೆ ಪೇರಿಸಿಟ್ಟ ತಾಯಿ, ಕೆಟ್ಟ ಚಾರ್ಜರುಗಳನ್ನೂ ಹಳೆಯ ಮೊಬೈಲಿನ ಖಾಲಿ ಪೆಟ್ಟಿಗೆಗಳನ್ನೂ ಜೋಪಾನ ಮಾಡುವ ತಂದೆ ಅದೇ ದಿನ ತಮ್ಮ ಸಂಗ್ರಹವನ್ನೂ ಹೊರಗೆ ಹಾಕಿ ಕುಳಿತರೆ ಮಗುವಿಗೆ ಆ ಕೆಲಸ ಶಿಕ್ಷೆಯೆನಿಸುವುದಿಲ್ಲ.

ಬೇರ್ಪಡಿಸಿದವನ್ನು ಕೊಡುವುದರಲ್ಲಿಯೂ ಮರ್ಯಾದೆ ಬೇಕು. ಹರಿದು ಹತ್ತಿ ಹೊರಬಂದ ನಾಯಿಯನ್ನು ಮನೆಗೆಲಸದ ಬಾಯಿಯ ಕೈಗಿತ್ತು ದಾನ ಮಾಡಿದೆವೆಂದುಕೊಳ್ಳುವುದು ಮಹಾನಗರದ ಮಧ್ಯಮವರ್ಗಕ್ಕೆ ಅಂಟಿದ ಒಂದು ಚಾಳಿ. ಆಕೆಯ ಮಗುವಿಗೂ ಮೂಗಿದೆ, ಉಸಿರಿದೆ, ಒಳ್ಳೆಯದು ಕೆಟ್ಟದ್ದರ ಅರಿವಿದೆ. ಒಗೆದು, ಹೊಲಿದು, ಒಣಗಿಸಿ, ಬೇಕೇ ಎಂದು ಕೇಳಿ ಕೊಡಬೇಕು. ಬಾಲವಾಡಿಗಳಿಗೂ ಇದೇ ಮಾತು. ಬಳಸಿದ ಮೆತ್ತನೆಯ ಆಟಿಕೆಗಳನ್ನು ಸೋಂಕಿನ ಭಯದಿಂದ ಅನೇಕ ಆಸ್ಪತ್ರೆಗಳು ಸ್ವೀಕರಿಸುವುದಿಲ್ಲವಾದುದರಿಂದ ವಿಚಾರಿಸದೆ ಅಲ್ಲಿಗೆ ಒಯ್ಯಬಾರದು.

ಡೊಂಬಿವಲಿಯ ಮನೆಯಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವರು ಅಜ್ಜಿ. ಭಂಗಾರ್‌ವಾಲಾ ಒಯ್ದ ಮೊಲ ಮರಳಿ ಬರುವಂತಿರಲಿಲ್ಲ. ಅದರ ವಿಷಯದಲ್ಲಿ ತಪ್ಪಾಯಿತೆಂದು ತಾಯಿ ಮಗಳ ಎದುರು ಒಪ್ಪಿಕೊಳ್ಳುವಂತೆ ಮಾಡಿದ್ದೂ ಅವರೇ. ಬಳಿಕ ಅಜ್ಜಿ ಮಧ್ಯಾಹ್ನಗಳಲ್ಲಿ ಮಂಚದ ತುದಿಯಲ್ಲಿ ಕುಳಿತು ಒಂದೊಂದೇ ಪ್ರಾಣಿಯ ಹೆಸರು, ಊರು ವಿಚಾರಿಸತೊಡಗಿದರು. ಹುಡುಗಿ ಶಾಲೆಯಲ್ಲಿ ಇಂಗ್ಲಿಷ್, ಕೆಳಗಿನ ಮೈದಾನದಲ್ಲಿ ಮರಾಠಿ, ಹಿಂದಿ ಆಡುವವಳು. ಪ್ರಾಣಿಗಳೊಡನೆ ಅವಳ ವ್ಯವಹಾರವೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

“ಇವಕ್ಕ ಕನ್ನಡಾ ಬರ್ತದೇನವಾ?” ಎಂದು ಅಜ್ಜಿ ಕೇಳಿದರು.

ಹುಡುಗಿ ಸ್ವಲ್ಪ ಯೋಚಿಸಿ, “ಆನಿಗೆ ಅಷ್ಟ ಸ್ವಲ್ಪ ಬರ್ತದಜ್ಜಿ” ಎಂದಳು.

ಅಂದಿನಿಂದ ಆನೆಯೇ ದುಭಾಷಿಯಾಯಿತು. ಉಳಿದ ಪ್ರಾಣಿಗಳು ಹೇಳಿದ್ದನ್ನು ಅದು ಅಜ್ಜಿಗೆ ಕನ್ನಡದಲ್ಲಿ ತಿಳಿಸಬೇಕು. ಆನೆಗೆ ಪದ ತಿಳಿಯದಿದ್ದರೆ ಹುಡುಗಿ ಅಜ್ಜಿಯನ್ನು ಕೇಳಿ ತಿಳಿಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಯಾರು ಇರತಕ್ಕವರು, ಯಾರು ಪೆಟ್ಟಿಗೆಯಲ್ಲಿ ಮಲಗತಕ್ಕವರು, ಯಾರು ಬಾಲವಾಡಿಗೆ ಹೋಗಲು ಒಪ್ಪಿದ್ದಾರೆ ಎಂಬುದೆಲ್ಲ ಈ ಮಾತುಕತೆಯಲ್ಲೇ ತೀರ್ಮಾನವಾಗಿತ್ತು. ಆರು ಹೊರಗೆ, ಹದಿಮೂರು ಪೆಟ್ಟಿಗೆಗೆ, ಒಂಬತ್ತು ಬಾಲವಾಡಿಗೆ. ಶಾಲೆಯ ಚೀಲದಲ್ಲಿ ನಾಲ್ಕಿದ್ದದ್ದು ಒಂದಾಗಿ, ಒಂದು ದಿನ ಅದೂ ಮನೆಯಲ್ಲಿಯೇ ಉಳಿಯಿತು.

ಅಕ್ಟೋಬರ್ ತಿಂಗಳ ಮೊದಲ ಗಟ್ಟಿ ಬಿಸಿಲಿಗೆ ಪ್ರಾಣಿಗಳೆಲ್ಲ ಒಗೆಯಲ್ಪಟ್ಟು ಗ್ಯಾಲರಿಯ ಹಗ್ಗಕ್ಕೆ ಕಿವಿ ಬಾಲಗಳಿಂದ ತೂಗಿದವು. ಸಣ್ಣವು ಸಂಜೆಯೊಳಗೆ ಒಣಗಿದವು. ಆನೆಗೆ ಮಾತ್ರ ಜಾಗ ಸಾಲದೆ ಸೊಂಡಿಲು ಪಕ್ಕದ ಮನೆಯವರ ಕಂಬಿಯ ಮೇಲೆ ಚಾಚಿತ್ತು. ರಾತ್ರಿ ಅದನ್ನು ಒಳತಂದು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರಿಸಬೇಕಾಯಿತು. ಮೂರನೆಯ ದಿನ ಸಂಜೆ ಅಜ್ಜಿ ಅದರ ಹೊಟ್ಟೆಯನ್ನು ಒತ್ತಿ ನೋಡಿ, ಇನ್ನೂ ತುಸು ಹಸಿಯಿದೆಯೆಂದು ಮತ್ತೆ ಹಗ್ಗಕ್ಕೆ ಕಟ್ಟಿದರು.